ಸಮುದ್ರಕ್ಕೆ ಹೊರಟಿರಾ? ಕುಕ್ಕರ್ ಮನೆಯಲ್ಲೇ ಇರಲಿ!

"ಈ ಸಲ ಸಮುದ್ರ ನೋಡಾಕ ಹೋಗೂಣಲ್ಲ?"

ಚಳಿ ಶುರುವಾಯಿತೆಂದರೆ ಸಾಕು, ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತಿದು. ಕೇಳುವವರು ಮಕ್ಕಳು. ಹೂಂ ಅನ್ನುವವರು ಯಜಮಾನರು. ಲೆಕ್ಕ ಹಾಕುವವರು, ಚೀಲ ತುಂಬುವವರು, ಬಂದ ಮೇಲೆ ಉಸುಕು ತುಂಬಿದ ಬಟ್ಟೆ ಒಗೆಯುವವರು? ಇನ್ಯಾರು, ನಾವೇ!

ಐದಾರು ವರ್ಷದ ಹಿಂದೆ ನಾವೂ ಹೀಗೇ ಹೊರಟಿದ್ದೆವು. "ಹೊಟೇಲಿನ್ಯಾಗ ಐದು ಮಂದಿ ಊಟ ಅಂದ್ರ ಎಷ್ಟಾಕ್ಕೇತಿ ಗೊತ್ತೈತೇನು? ಮನಿಯಿಂದನ ಎಲ್ಲಾ ಒಯ್ಯೂಣು" ಎಂದರು ನಮ್ಮ ಮನೆಯವರು. ನನಗೂ ಸರಿ ಅನ್ನಿಸಿತು. ನಾಲ್ಕು ಕಾಸು ಉಳಿಸೋದು ಅಂದ್ರೆ ಗೃಹಿಣಿಗೆ ಒಂಥರಾ ಹೆಮ್ಮೆ ನೋಡಿ. ಸಣ್ಣ ಗ್ಯಾಸ್ ಒಲೆ, ಕುಕ್ಕರ್, ಅಕ್ಕಿ, ಬೇಳೆ, ಮಸಾಲೆ ಖಾರ ಎಲ್ಲ ಕಾರಿನ ಡಿಕ್ಕಿ ಸೇರಿದವು. ಬೆಳಗಿನ ಮೂರಕ್ಕೆ ಎದ್ದು ನಲವತ್ತು ಚಪಾತಿ ಲಟ್ಟಿಸಿದೆ.

ಅಲ್ಲಿ ಹೋಗಿ ಆದದ್ದೇನು? ಎಲ್ಲರೂ ನೀರಿಗಿಳಿದರು. ನಾನು ಎಲ್ಲರ ಚಪ್ಪಲಿ, ಮೊಬೈಲು, ಟವೆಲ್ಲು ಕಾಯುತ್ತ ಕುಳಿತೆ. ಸೂರ್ಯ ಮುಳುಗುವುದನ್ನು ನೋಡಲು ಅವರೆಲ್ಲ ದಂಡೆಯ ಮೇಲಿದ್ದಾಗ ನಾನು ಕೋಣೆಯ ಬಚ್ಚಲಲ್ಲಿ ಕುಕ್ಕರ್ ತಿಕ್ಕುತ್ತಿದ್ದೆ. ಊರಿಗೆ ಬಂದ ಮೇಲೆ "ಟ್ರಿಪ್ ಭಾಳ ಸೋವಿ ಆತು" ಎಂದು ಎಲ್ಲರೂ ಖುಷಿಪಟ್ಟರು. ಹೌದು, ಸೋವಿ ಆಯ್ತು. ಅಡುಗೆಯವಳ ಪಗಾರ ಲೆಕ್ಕದಲ್ಲಿ ಇರಲೇ ಇಲ್ಲವಲ್ಲ!

ಗೆಳತಿಯರೇ, ಕಡಿಮೆ ಖರ್ಚಿನ ಪ್ರವಾಸ ಬೇಡ ಅಂತ ನಾನು ಹೇಳುತ್ತಿಲ್ಲ. ಮಧ್ಯಮ ವರ್ಗದ ನಮಗೆ ಅದೇ ಗತಿ, ಅದೇ ಚೆಂದ. ಆದರೆ ಖರ್ಚು ಕಡಿಮೆ ಮಾಡಲು ಬೇರೆ ದಾರಿಗಳಿವೆ. ದೂರ ಕಡಿಮೆ ಮಾಡಿ, ನೋಡುವ ಊರುಗಳ ಸಂಖ್ಯೆ ಕಡಿಮೆ ಮಾಡಿ, ಹೋಗುವ ದಿನ ಬದಲಿಸಿ. ಮನೆಯ ಹೆಂಗಸಿನ ವಿಶ್ರಾಂತಿಯನ್ನು ಮಾತ್ರ ಕತ್ತರಿಸಬೇಡಿ. ಹೋದ ಜನವರಿಯಲ್ಲಿ ನಾವು ಎರಡನೇ ಸಲ ಹೋದಾಗ ಇದನ್ನೇ ಮಾಡಿದೆವು.

ಹತ್ತಿರದ ಸಮುದ್ರ ಯಾವುದು?

ಸಮುದ್ರ ಅಂದ ಕೂಡಲೇ ಗೋವಾ, ಗೋಕರ್ಣ, ಮುರ್ಡೇಶ್ವರ ನೆನಪಾಗುತ್ತವೆ. ಆದರೆ ಚಿಕ್ಕೋಡಿಯವರಿಗೆ ಕೈಗೆಟಕುವ ಕಡಲು ವೆಂಗುರ್ಲಾ. ಸಂಕೇಶ್ವರ, ಗಡಹಿಂಗ್ಲಜ, ಆಜರಾ, ಆಂಬೋಲಿ ಘಾಟ್, ಸಾವಂತವಾಡಿ ದಾಟಿದರೆ ಬಂದೇಬಿಟ್ಟಿತು. ಒಂದೂವರೆ ನೂರು ಕಿಲೋಮೀಟರಿನ ಆಸುಪಾಸು ಅಷ್ಟೇ. ಬೆಳಿಗ್ಗೆ ಆರಕ್ಕೆ ಹೊರಟರೆ ನಡುವೆ ನಿಂತು, ಕುಂತು, ಬುತ್ತಿ ಉಂಡರೂ ಮಧ್ಯಾಹ್ನ ಮೂರರೊಳಗೆ ತಲುಪುತ್ತೀರಿ. ಭಾಷೆಯ ಚಿಂತೆಯೂ ಇಲ್ಲ, ನಮ್ಮ ಗಡಿಯ ಮಂದಿಗೆ ಮರಾಠಿ ಹೊಸದೇನಲ್ಲವಲ್ಲ.

ದಾರಿಯೂ ಬೇಸರ ತರಿಸುವುದಿಲ್ಲ. ಸಂಕೇಶ್ವರದಲ್ಲಿ ನಾವು ನೋಡುವ ಹಿರಣ್ಯಕೇಶಿ ನದಿ ಹುಟ್ಟುವುದು ಆಂಬೋಲಿಯ ಗುಡ್ಡದಲ್ಲಿ. ಅಂದರೆ ಅರ್ಧ ದಾರಿ ನಮ್ಮ ನದಿಯ ತವರಿಗೇ ಹೋದಂತೆ! ಮಕ್ಕಳಿಗೆ ಇದನ್ನು ಹೇಳಿ, ಉಗಮದ ಗುಹೆಯ ಬಳಿಯ ಗುಡಿಯನ್ನೂ ತೋರಿಸಿ. ಆಜರಾದಲ್ಲಿ ಘಮಘಮಿಸುವ ಘನಸಾಳ ಅಕ್ಕಿ ಸಿಗುತ್ತದೆ. 2016ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬರುವಾಗ ಎರಡು ಕಿಲೋ ತಂದರಾಯಿತು.

ಎರಡು ರಾತ್ರಿ, ಒಂದೇ ಊರು. ಇದು ನನ್ನ ನಿಯಮ. ಮೂರು ದಿನದಲ್ಲಿ ಏಳು ಊರು ನೋಡುತ್ತೇವೆಂದು ಹೊರಟರೆ ಪೆಟ್ರೋಲೂ ದಂಡ, ಚೀಲ ಬಿಚ್ಚಿ ಕಟ್ಟುವ ಕೆಲಸವೂ ನಮಗೇ. ನಾವು ವೆಂಗುರ್ಲಾದಲ್ಲೇ ಉಳಿದೆವು. ಎರಡನೇ ದಿನ ಬೆಳಿಗ್ಗೆ ಸಾಗರೇಶ್ವರ ದಂಡೆ, ಆಮೇಲೆ ರೇಡಿಯ ಗಣಪತಿ. 1976ರಲ್ಲಿ ಅಲ್ಲಿಯ ಅದಿರಿನ ಗಣಿಯಲ್ಲಿ ಸಿಕ್ಕ ಮೂರ್ತಿಯದು. ನಮ್ಮತ್ತೆಗೆ ದೇವರ ದರ್ಶನವಾಯಿತು, ಮಕ್ಕಳಿಗೆ ನೀರಾಟವಾಯಿತು. ಮೂರನೇ ದಿನ ವಾಪಸ್ ಬರುತ್ತ ಸಾವಂತವಾಡಿಯಲ್ಲಿ ಮೋತಿ ತಲಾವ್ ಕೆರೆ, ಚಿತಾರ ಆಳಿಯ ಕಟ್ಟಿಗೆ ಆಟಿಕೆ. ಕಟ್ಟಿಗೆಯಲ್ಲಿ ಮಾಡಿದ ಬಾಳೆ, ಮಾವು, ಬದನೆಕಾಯಿ ಎಷ್ಟು ಚೆಂದ ಅಂತೀರಿ!

ಇನ್ನೊಂದು ವರ್ಷ ಮಾಲವಣಕ್ಕೆ ಹೋಗಿ. ಶಿವಾಜಿ ಮಹಾರಾಜರು 1664ರಿಂದ 1667ರವರೆಗೆ ಕಟ್ಟಿಸಿದ ಸಿಂಧುದುರ್ಗ ಅಲ್ಲಿದೆ. ಸುತ್ತ ಉಪ್ಪುನೀರಿದ್ದರೂ ಕೋಟೆಯೊಳಗೆ ಸಿಹಿನೀರಿನ ಬಾವಿಗಳಿವೆ. ಅವುಗಳ ಹೆಸರೇನು ಗೊತ್ತೆ? ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆ ಬಾವಿ! ಆದರೆ ಎರಡನ್ನೂ ಒಂದೇ ಸಲಕ್ಕೆ ತುರುಕಬೇಡಿ.

ಯಾವಾಗ ಹೋಗೋದು?

ದೀಪಾವಳಿ ರಜೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೋಣೆ ಬಾಡಿಗೆ ಏರುತ್ತದೆ. ಸಂಕ್ರಾಂತಿ ಮುಗಿದ ಮೇಲೆ, ಮಕ್ಕಳ ವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ಸಂದು ಸಿಗುತ್ತದೆ. ಬಿಸಿಲೂ ಹಿತ, ಬಾಡಿಗೆಯೂ ಹಿತ. ಮಳೆಗಾಲದಲ್ಲಿ ಬೇಡವೇ ಬೇಡ. ಆಂಬೋಲಿ ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಘಾಟಿನಲ್ಲಿ ಮಂಜು ಕವಿದರೆ ಮುಂದಿನ ಗಾಡಿಯೂ ಕಾಣುವುದಿಲ್ಲ. ಸಮುದ್ರವೂ ಆಗ ಹುಚ್ಚೆದ್ದಿರುತ್ತದೆ.

ಇನ್ನೊಂದು ಮಾತು. ಈ ಕಾಲದಲ್ಲಿ ನಮ್ಮ ಕಡೆ ಕಬ್ಬಿನ ಹಂಗಾಮು. ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಎಷ್ಟೋ ಸಲ ದೀಪವೇ ಇರುವುದಿಲ್ಲ. ರಾತ್ರಿಯೇ ಹೊರಟು ಒಂದು ದಿನ ಉಳಿಸುತ್ತೇವೆ ಎನ್ನುವವರಿಗೆ ಖಂಡಿತ ಒಪ್ಪಬೇಡಿ. ಘಾಟನ್ನೂ ಹಗಲಲ್ಲೇ ಇಳಿಯಿರಿ.

ನಮ್ಮ ಮನೆಯ ಲೆಕ್ಕ

ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಒಟ್ಟು ಐದು ಮಂದಿ. ಅಲ್ಲಿಯ ತಿರುಗಾಟ ಸೇರಿ 400 ಕಿಲೋಮೀಟರಿಗೆ ಪೆಟ್ರೋಲು 2,700 ರೂಪಾಯಿ. ಎರಡು ರಾತ್ರಿ ತಂಗಲು 4,000. ಊಟ, ನಾಷ್ಟಾ, ಚಹಾ 4,000. ಆಟಿಕೆ, ಎಳನೀರು, ಪಾರ್ಕಿಂಗ್ 1,000. ತುರ್ತಿಗೆಂದು ಬೇರೆ ಇಟ್ಟದ್ದು 1,000. ಒಟ್ಟು 12,700. ತುರ್ತಿನ ದುಡ್ಡು ಮುಟ್ಟಲಿಲ್ಲ, ಹಾಗೇ ಬಂತು.

ತಿಂಗಳಿಗೆ ಸಾವಿರದಂತೆ ಭಿಶಿ ಹಾಕಿದರೆ ವರ್ಷಕ್ಕೆ ಹತ್ತಿರಹತ್ತಿರ ಇಷ್ಟಾಗುತ್ತದೆ. ಈಗ ಮುಖ್ಯ ಮಾತು ಕೇಳಿ. ನಾನೇ ಅಡುಗೆ ಮಾಡಿದ್ದರೆ ಉಳಿಯುತ್ತಿದ್ದುದು ಹೆಚ್ಚೆಂದರೆ ಎರಡೂವರೆ ಸಾವಿರ. ವರ್ಷಕ್ಕೆ ಹಂಚಿದರೆ ತಿಂಗಳಿಗೆ ಇನ್ನೂರು ಚಿಲ್ಲರೆ ರೂಪಾಯಿ! ಅಷ್ಟಕ್ಕಾಗಿ ಸಮುದ್ರ ದಂಡೆಯಲ್ಲೂ ಒಗ್ಗರಣೆ ಹಾಕಬೇಕೆ? ಮೇಲಾಗಿ ಬಿಸಿಲಲ್ಲಿ ಕಾದ ಕಾರಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವುದು ಅಪಾಯವೂ ಹೌದು. ನಾವು ಅಂದು ಮಾಡಿದ್ದು ಶುದ್ಧ ಹುಚ್ಚುತನ.

ಬುತ್ತಿ ಕಟ್ಟಲೇಬೇಡಿ ಅಂತಲ್ಲ. ಮೊದಲ ದಿನದ ಮಧ್ಯಾಹ್ನಕ್ಕೆ ಒಂದೇ ಒಂದು ಬುತ್ತಿ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಈಗ ಎಲ್ಲ ಕಡೆ ಮಾರಾಟಕ್ಕೇ ಸಿಗುತ್ತವೆ. ಮೊಸರು, ಉಳ್ಳಾಗಡ್ಡಿ ಇದ್ದರೆ ಊಟವಾಯಿತು. ಘಾಟಿನ ತಿರುವಿನಲ್ಲಿ ಮಕ್ಕಳಿಗೆ ವಾಂತಿ ಬರುವುದುಂಟು. ಆದ್ದರಿಂದ ಬೆಳಗಿನ ನಾಷ್ಟಾ ಹಗುರವಾಗಿರಲಿ, ಹೊಟ್ಟೆ ತುಂಬ ಊಟ ಘಾಟ್ ಇಳಿದ ಮೇಲೆ.

ಕೋಣೆ ಹಿಡಿಯುವ ಮುಂಚೆ

ಕೊಂಕಣದಲ್ಲಿ ಮನೆಯವರೇ ಕೋಣೆ ಕೊಟ್ಟು, ಊಟ ಹಾಕುವ ಪದ್ಧತಿ ಚೆನ್ನಾಗಿ ಬೆಳೆದಿದೆ. 'ನ್ಯಾಹರಿ ನಿವಾಸ' ಎಂಬ ಫಲಕ ಕಂಡರೆ ಕೋಣೆಯ ಜೊತೆಗೆ ಬೆಳಗಿನ ನಾಷ್ಟಾ ಸಿಗುತ್ತದೆ ಎಂದರ್ಥ. ಫೋನಿನಲ್ಲಿ ಇಷ್ಟನ್ನು ನೀವೇ ಕೇಳಿ, ಯಜಮಾನರಿಗೆ ಬಿಡಬೇಡಿ:

ಬಾಡಿಗೆ ಕೋಣೆಗೋ, ತಲೆಗೋ? ಹೆಚ್ಚಿನ ಹಾಸಿಗೆಗೆ ಎಷ್ಟು?
ಮೊಣಕಾಲು ನೋವಿನ ಹಿರಿಯರಿಗೆ ಕೆಳಗಿನ ಮಹಡಿಯ ಕೋಣೆ, ಕೂತು ಏಳಲು ಅನುಕೂಲದ ಶೌಚಾಲಯ ಇದೆಯೇ?
ಬಿಸಿನೀರು ಎಷ್ಟು ಹೊತ್ತಿಗೆ?
ಶಾಕಾಹಾರದ ಅಡುಗೆ ಬೇರೆ ಪಾತ್ರೆಯಲ್ಲಿ ಮಾಡುತ್ತಾರೆಯೇ?

ಈ ಕೊನೆಯ ಪ್ರಶ್ನೆ ನಮ್ಮ ಕಡೆಯ ಲಿಂಗಾಯತ, ಜೈನ ಮನೆಗಳಿಗೆ ಮುಖ್ಯ. ಮೀನಿನೂರಿನಲ್ಲಿ ನಮಗೇನು ಸಿಕ್ಕೀತು ಅನ್ನುವ ಹೆದರಿಕೆಯಿಂದಲೇ ಕುಕ್ಕರ್ ಡಿಕ್ಕಿ ಸೇರುವುದು. ಆದರೆ ಮುಂಚೆಯೇ ಹೇಳಿದರೆ ಅಕ್ಕಿಯ ಘಾವಣೆ, ಕಪ್ಪು ವಟಾಣಿಯ ಉಸಳಿ, ಸೋಲ್‌ಕಢಿ ಎಲ್ಲ ಸಿಗುತ್ತದೆ. ದುಡ್ಡು ಮಾತ್ರ ಪೂರ್ತಿ ಮುಂಗಡ ಕಳಿಸಬೇಡಿ. ಸ್ವಲ್ಪ ಕೊಟ್ಟು, ಉಳಿದದ್ದು ಕೋಣೆ ನೋಡಿದ ಮೇಲೆ.

ಹೊರಡುವ ದಿನ ತಿಂಗಳ ರಜೆ ಬಂದೀತೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಗೆಳತಿಯರಿದ್ದಾರೆ. ವೈದ್ಯರನ್ನು ಕೇಳದೆ ದಯವಿಟ್ಟು ನುಂಗಬೇಡಿ. ದಿನ ಗೊತ್ತು ಮಾಡುವಾಗಲೇ ನಿಮ್ಮ ತಾರೀಖನ್ನೂ ಹೇಳಿ. ಇದರಲ್ಲಿ ನಾಚಿಕೆ ಏನಿದೆ?

ನೀರಿನ ಭಯ ಇರಲಿ

ನಾವು ಬಯಲುಸೀಮೆಯವರು. ಕೃಷ್ಣೆ, ದೂಧಗಂಗೆ ನೋಡಿದ ಕಣ್ಣಿಗೆ ಸಮುದ್ರದ ಸೆಳೆತ ತಿಳಿಯುವುದಿಲ್ಲ. 2017ರ ಏಪ್ರಿಲ್‌ನಲ್ಲಿ ಮಾಲವಣದ ವಾಯರಿ ದಂಡೆಯಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ಎಂಟು ಮಂದಿ ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಹೋದರು. ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ನಮ್ಮ ಮನೆಯ ಕಟ್ಟಳೆ ಇಷ್ಟೇ: ಮೊಣಕಾಲಿಗಿಂತ ಮೇಲೆ ನೀರು ಬರಬಾರದು. ಇಳಿಯುವ ಮುಂಚೆ ಊರಿನವರನ್ನು ಕೇಳಬೇಕು. ಭರತ ಇಳಿಯುವ ಹೊತ್ತಿನಲ್ಲಿ ನೀರು ಒಳಕ್ಕೆ ಎಳೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಭರತ ಇಳಿತ ಎರಡೂ ಜೋರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿಯೇ ದಿನ ಗೊತ್ತು ಮಾಡಬಹುದಲ್ಲ! ಅಕಸ್ಮಾತ್ ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಲು ಹೆಣಗಬಾರದು, ದಂಡೆಗುಂಟ ಅಡ್ಡ ಸರಿದು ಸೆಳೆತದಿಂದ ಹೊರಬರಬೇಕು. ಒಬ್ಬರು ಕೊಚ್ಚಿ ಹೋದರೆಂದು ಕೈಕೈ ಹಿಡಿದು ಎಲ್ಲರೂ ಇಳಿಯಬಾರದು.

ಕಾರಿಲ್ಲವೇ?

ಚಿಂತೆ ಬೇಡ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಲ್ಲ. ಆಧಾರ್ ಚೀಟಿ ಇಟ್ಟುಕೊಂಡು ಬೆಳಗಾವಿ ಮೇಲೆ ಕಾರವಾರಕ್ಕೆ ಹೋಗಿ. ದೂರ ಹೆಚ್ಚು, ಬಸ್ ಬದಲಿಸಬೇಕು. ಆದರೆ ಇಳಿದ ಮೇಲೆ ಕಡಲು ಹತ್ತಿರವೇ. ರವೀಂದ್ರನಾಥ ಟಾಗೋರರು ತಮ್ಮ ಯೌವನದಲ್ಲಿ ಬಂದು ಉಳಿದಿದ್ದ ಊರದು, ಕಡಲತೀರಕ್ಕೂ ಅವರದೇ ಹೆಸರು. ನಾಲ್ವರು ಗೆಳತಿಯರು ಸೇರಿ ಹೋದರಂತೂ ಖರ್ಚು ಕೋಣೆ, ಊಟದ್ದಷ್ಟೇ.

ಹೊರಡುವ ಮುಂಚಿನ ಮಾತು

ಎಲ್ಲಕ್ಕಿಂತ ದೊಡ್ಡ ತಯಾರಿ ಮನೆಯೊಳಗಿನ ಮಾತುಕತೆ. ಹೊರಡುವ ವಾರ ಮುಂಚೆ ಎಲ್ಲರನ್ನೂ ಕೂರಿಸಿ ನಾನು ಚೀಟಿ ಬರೆದೆ. ತಮ್ಮ ಚೀಲ ಮಕ್ಕಳೇ ತುಂಬಬೇಕು. ದಂಡೆಯ ಮೇಲೆ ಸಾಮಾನು ಕಾಯುವುದು ಸರದಿಯ ಮೇಲೆ. ಬಂದ ಮರುದಿನ ಅಡುಗೆ ಇಲ್ಲ, ಬರೀ ಅವಲಕ್ಕಿ. ಬಟ್ಟೆ ಒಗೆಯುವುದು ಇಬ್ಬರದೂ ಕೆಲಸ. ನಮ್ಮ ಮನೆಯವರು ಮೊದಲು ನಕ್ಕರು. ಆಮೇಲೆ "ಆತು ಬಿಡು" ಎಂದರು. ಜಗಳ ಮಾಡದೆ ಕೇಳಿದರೆ ಬಹಳಷ್ಟು ಗಂಡಸರು ಒಪ್ಪುತ್ತಾರೆ. ನಾವು ಕೇಳುವುದೇ ಇಲ್ಲ, ಅದು ನಮ್ಮ ತಪ್ಪು.

ನಮ್ಮತ್ತೆಗೆ ಅರವತ್ತೆಂಟು. ಹೋದ ಸಲ "ನನಗ ಯಾಕವಾ, ನೀವ ಹೋಗಿ ಬರ್ರಿ" ಎಂದು ಮನೆಯಲ್ಲೇ ಉಳಿದಿದ್ದರು. ಈ ಸಲ ಬಿಡಲಿಲ್ಲ. ಸಾಗರೇಶ್ವರದಲ್ಲಿ ಸೀರೆ ನಿರಿಗೆ ಎತ್ತಿ ಹಿಡಿದು, ನನ್ನ ರಟ್ಟೆ ಬಿಗಿಯಾಗಿ ಹಿಡಿದು ನಿಂತರು. ಕಾಲಡಿಯ ಉಸುಕು ಸರಿದಾಗ ಚೀರಿ ನಕ್ಕರು. ಆಮೇಲೆ ಬಹಳ ಹೊತ್ತು ನೋಡುತ್ತ, "ಹಿಂಗ ಬರೂದು, ಹಿಂಗ ಹೋಗೂದು. ಇದಕ ಬ್ಯಾಸರ ಆಗೂದಿಲ್ಲೇನ?" ಎಂದರು. ಐವತ್ತು ವರ್ಷ ಒಲೆಯ ಮುಂದೆ ಕಳೆದವರು ಕೇಳಿದ ಪ್ರಶ್ನೆ ಅದು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಹಿಂತಿರುಗಿ ನೋಡಿದೆ. ದಂಡೆಯ ಮೇಲೆ ಐದು ಜೊತೆ ಚಪ್ಪಲಿ ಇಟ್ಟುಕೊಂಡು ನಮ್ಮ ಮನೆಯವರು ಕುಳಿತಿದ್ದರು. ಅವರ ಸರದಿ!

ಈ ಸಲ ನಿಮ್ಮ ಮನೆಯಲ್ಲಿ ಪ್ರವಾಸದ ಮಾತು ಬಂದಾಗ ಲೆಕ್ಕದ ಚೀಟಿಯಲ್ಲಿ ಪೆಟ್ರೋಲು, ಕೋಣೆ, ಊಟದ ಕೆಳಗೆ ಇನ್ನೊಂದು ಸಾಲು ಬರೆಯಿರಿ: 'ನನ್ನ ವಿಶ್ರಾಂತಿ'. ಅದಕ್ಕೆ ಸ್ವಲ್ಪ ದುಡ್ಡು ತೆಗೆದಿಡಿ. ಏನಂತೀರಿ?