ಶಿಕ್ಷಕರು ಸಮೀಕ್ಷೆಗೆ, ಮಕ್ಕಳು ಮನೆಗೆ

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾದಾಗ ಮನೆಮನೆಗೆ ತೆರಳಿದವರಲ್ಲಿ ಬಹುಪಾಲು ಶಾಲಾ ಶಿಕ್ಷಕರೇ. ಆ್ಯಪ್, ನೆಟ್‌ವರ್ಕ್ ತೊಡಕುಗಳ ನಡುವೆ ನಿಗದಿತ ಅವಧಿಯಲ್ಲಿ ಕೆಲಸ ಮುಗಿಯಲಿಲ್ಲ. ಹೀಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ವಿಸ್ತರಣೆಯಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಹೊರತು ಬೇರಾವ ಬೋಧನೇತರ ಕಾರ್ಯಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಈ ಸಮೀಕ್ಷೆ ಆ ಪಟ್ಟಿಯಲ್ಲಿಲ್ಲ.

ಸಮೀಕ್ಷೆ ಅಗತ್ಯವೇ ಇರಬಹುದು. ಆದರೆ ಅದು ಗುರುತಿಸಹೊರಟ ಕುಟುಂಬಗಳ ಮಕ್ಕಳೇ ಸರ್ಕಾರಿ ಶಾಲೆಗಳಲ್ಲಿ ಹೆಚ್ಚು. ತಪ್ಪಿಹೋದ ಪಾಠವನ್ನು ಹೆಚ್ಚುವರಿ ತರಗತಿಗಳಲ್ಲಿ ಮುಗಿಸಬೇಕಾದವರೂ ಅದೇ ಶಿಕ್ಷಕರು. ಪರ್ಯಾಯ ಗಣತಿದಾರರನ್ನು ಹುಡುಕದಿದ್ದರೆ, ಹಿಂದುಳಿದಿರುವಿಕೆಯನ್ನು ಅಳೆಯುವ ಕೆಲಸವೇ ಅದನ್ನು ಹೆಚ್ಚಿಸೀತು.