ಒರ್ಲಾಂಡೊಗೆ ಹೋದವರು ನೋಡದೆ ಬರುವ ಊರು

ಅಮೆರಿಕದಲ್ಲಿರುವ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಹೋಗಿ ಬಂದ ತಂದೆ ತಾಯಿಯ ಆಲ್ಬಮ್ ತೆರೆದು ನೋಡಿ. ಅದರಲ್ಲಿ ಫ್ಲಾರಿಡಾದ ಒರ್ಲಾಂಡೊ ಇದ್ದೇ ಇರುತ್ತದೆ. ಸಿಂಡ್ರೆಲಾಳ ಕೋಟೆಯ ಮುಂದೆ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತಿರುವ ಅಜ್ಜಿ, ಮಿಕ್ಕಿಯ ಕಿವಿ ಅಂಟಿಸಿಕೊಂಡ ಮೊಮ್ಮಗ, ಸಾಲಿನಲ್ಲಿ ನಿಂತು ನಿಂತು ಬಳಲಿದ ಅಜ್ಜ. ಒರ್ಲಾಂಡೊ ಹೇಗಿದೆ ಎಂದು ಕೇಳಿ. "ಒಂದು ಕಸ ಕಡ್ಡಿ ಇಲ್ಲ ಮಾರಾಯ್ರೆ" ಎನ್ನುತ್ತಾರೆ. ಅಲ್ಲಿನ ಜನ ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಊರನ್ನು ಅವರು ನೋಡಿಯೇ ಇಲ್ಲ.

ಈ ತಪ್ಪನ್ನು ಆ ಹಿರಿಯರ ಮೇಲೆ ಹೊರಿಸಬೇಕಾಗಿಲ್ಲ. ಊರು ಕಾಣದಂತೆ ನೋಡಿಕೊಳ್ಳುವುದೇ ಅಲ್ಲಿನ ವ್ಯಾಪಾರ. 1960ರ ದಶಕದ ಮಧ್ಯದಲ್ಲಿ ಡಿಸ್ನಿ ಕಂಪೆನಿಯು ಬೇರೆ ಬೇರೆ ಹೆಸರಿನ ಕಂಪೆನಿಗಳ ಮರೆಯಲ್ಲಿ ಗುಟ್ಟಾಗಿ ಸುಮಾರು 27,000 ಎಕರೆ ಭೂಮಿ ಖರೀದಿಸಿತು. 1967ರಲ್ಲಿ ಫ್ಲಾರಿಡಾದ ಶಾಸನಸಭೆ ಅದಕ್ಕೆ ತನ್ನದೇ ಆಡಳಿತ ಜಿಲ್ಲೆಯೊಂದನ್ನು ಕೊಟ್ಟಿತು. ಕಟ್ಟಡ, ರಸ್ತೆ, ಅಗ್ನಿಶಾಮಕ ದಳ ಎಲ್ಲವೂ ಕಂಪೆನಿಯ ಕೈಯಲ್ಲಿ. 2023ರಲ್ಲಿ ರಾಜ್ಯ ಸರಕಾರ ರಾಜಕೀಯ ಜಗಳದ ನೆಪದಲ್ಲಿ ಅದರ ಆಡಳಿತ ಮಂಡಳಿಯನ್ನು ಕಿತ್ತುಕೊಳ್ಳುವವರೆಗೂ ಅದು ಹಾಗೆಯೇ ಇತ್ತು. 1971ರ ಅಕ್ಟೋಬರ್ 1ರಂದು ತೆರೆದ ಆ ಗೇಟಿನೊಳಗೆ ಒಂದು ಬೀದಿಯಿದೆ. ಹಳೆಯ ಅಮೆರಿಕದ ಸುಂದರ ಪೇಟೆಬೀದಿಯ ನಕಲು ಅದು. ಆ ನಕಲಿ ಹಳೆಯ ಕಾಲದಲ್ಲಿ ಗುಲಾಮಗಿರಿಯಿಲ್ಲ, ಗುಂಪು ಹತ್ಯೆಯಿಲ್ಲ, ಬಡವರೂ ಇಲ್ಲ.

ಅಸಲಿ ಹಳೆಯ ಬೀದಿಗಳು ಗೇಟಿನ ಹೊರಗಿವೆ. ಪ್ರವಾಸಿಗಳನ್ನು ಡಿಸ್ನಿಗೆ ಹೊತ್ತೊಯ್ಯುವ ಐ-4 ಹೆದ್ದಾರಿಯೇ ಒರ್ಲಾಂಡೊದ ಉತ್ತರಕ್ಕೆ ಈಟನ್‌ವಿಲ್ ಎಂಬ ಪುಟ್ಟ ಊರನ್ನು ಸೀಳಿಕೊಂಡು ಹೋಗುತ್ತದೆ. ಗುಲಾಮಗಿರಿ ರದ್ದಾಗಿ ಇಪ್ಪತ್ತೆರಡು ವರ್ಷಗಳಿಗೆ, 1887ರಲ್ಲಿ, 27 ಮಂದಿ ಕಪ್ಪು ಗಂಡಸರು ಸಭೆ ಸೇರಿ ತಮ್ಮದೇ ಪುರಸಭೆ ಕಟ್ಟಿಕೊಂಡ ಊರು ಅದು. ಮೇಯರ್ ಅವರವನೇ, ಕಾನೂನು ಅವರದ್ದೇ. ಲೇಖಕಿ ಜೋರಾ ನೀಲ್ ಹರ್ಸ್‌ಟನ್ ಬೆಳೆದದ್ದು ಅಲ್ಲಿ. ಅಂಗಡಿ ಜಗಲಿಯಲ್ಲಿ ಕುಳಿತವರ ಕಥೆ, ಬಡಾಯಿ, ನಗೆಮಾತುಗಳನ್ನು ಆಕೆ ಸಂಗ್ರಹಿಸಿ 1935ರಲ್ಲಿ ಪುಸ್ತಕ ಮಾಡಿದರು. 1960ರಲ್ಲಿ ಬಡತನದಲ್ಲೇ ತೀರಿಕೊಂಡ ಅವರ ಗೋರಿಗೆ ಒಂದು ಕಲ್ಲೂ ಇರಲಿಲ್ಲ. 1973ರಲ್ಲಿ ಇನ್ನೊಬ್ಬ ಕಪ್ಪು ಲೇಖಕಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಕಲ್ಲು ನೆಡಿಸಿದರು. 1980ರ ದಶಕದ ಕೊನೆಯಲ್ಲಿ ಊರಿನ ಮುಖ್ಯ ಬೀದಿಯನ್ನು ಐದು ಲೇನಿಗೆ ಅಗಲಿಸುವ ಯೋಜನೆ ಬಂದಾಗ ಜನ ಆಕೆಯ ಹೆಸರನ್ನೇ ಹಿಡಿದು ಹೋರಾಡಿದರು. ಆ ಹೋರಾಟದಿಂದ ಹುಟ್ಟಿದ ಜೋರಾ ಉತ್ಸವ 1990ರಲ್ಲಿ ಆರಂಭವಾಯಿತು. ಆಕೆಯ ಹೆಸರಿನ ಪುಟ್ಟ ಮ್ಯೂಸಿಯಮ್ ಕೂಡ ಅಲ್ಲಿದೆ.

ಒರ್ಲಾಂಡೊದ ಪಶ್ಚಿಮಕ್ಕೆ ಒಕೋಯಿ ಇದೆ. 1920ರ ನವೆಂಬರ್ 2, ಅಧ್ಯಕ್ಷೀಯ ಚುನಾವಣೆಯ ದಿನ. ಮೋಸ್ ನಾರ್ಮನ್ ಎಂಬ ಕಪ್ಪು ಭೂಮಾಲಕ ಮತ ಹಾಕಲು ಹೋಗಿ ಹಿಂದಿರುಗಿಸಲ್ಪಟ್ಟ. ಅಂದು ರಾತ್ರಿ ಬಿಳಿಯರ ಗುಂಪು ಅವನ ಗೆಳೆಯ ಜುಲೈ ಪೆರಿಯ ಮನೆಗೆ ನುಗ್ಗಿತು. ಪೆರಿಯನ್ನು ಜೈಲಿನಿಂದ ಎಳೆದೊಯ್ದು ಒರ್ಲಾಂಡೊದಲ್ಲಿ ನೇಣಿಗೇರಿಸಿದರು. ಕಪ್ಪು ಜನರ ಮನೆಗಳನ್ನೂ ಚರ್ಚುಗಳನ್ನೂ ಸುಟ್ಟರು. ಸತ್ತವರ ಖಚಿತ ಲೆಕ್ಕ ಇಂದಿಗೂ ಇಲ್ಲ. ಬದುಕಿದವರು ಹೊಲ, ತೋಟ ಬಿಟ್ಟು ಓಡಿದರು. ಮುಂದೆ ಅರ್ಧ ಶತಮಾನ ಆ ಊರಿನಲ್ಲಿ ಕಪ್ಪು ಜನ ನೆಲೆಸಲಿಲ್ಲ. ಪೆರಿಯ ಹೆಸರಿನ ಫಲಕವೊಂದು ಒರ್ಲಾಂಡೊ ನಗರದ ಇತಿಹಾಸ ಮ್ಯೂಸಿಯಮ್ಮಿನ ಪಕ್ಕದಲ್ಲಿ ಎದ್ದು ನಿಂತದ್ದು 2019ರಲ್ಲಿ, 99 ವರ್ಷಗಳ ನಂತರ.

ರಾಕೆಟ್ ನೋಡಲೆಂದು ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಹೋಗುವವರು ಬಹಳ. ಅದಕ್ಕೆ ಸಮೀಪದ ಮಿಮ್ಸ್‌ನಲ್ಲಿ ಹ್ಯಾರಿ ಮೂರ್ ಮತ್ತು ಹ್ಯಾರಿಯೆಟ್ ಮೂರ್ ಎಂಬ ಶಿಕ್ಷಕ ದಂಪತಿಯ ಸ್ಮಾರಕವಿದೆ. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದ ಆ ಇಬ್ಬರನ್ನು 1951ರ ಕ್ರಿಸ್‌ಮಸ್ ರಾತ್ರಿ, ಅವರ ಮದುವೆಯ ಇಪ್ಪತ್ತೈದನೆಯ ವರ್ಷದ ದಿನ, ಮಲಗುವ ಕೋಣೆಯಡಿ ಬಾಂಬಿಟ್ಟು ಕೊಂದರು.

"ರಜೆಯಲ್ಲಿ ಇದೆಲ್ಲ ಯಾಕೆ ಸ್ವಾಮಿ? ಮಕ್ಕಳು ನಾಲ್ಕು ದಿನ ನಗಲಿ ಬಿಡಿ" ಎನ್ನುವವರಿದ್ದಾರೆ. ನಗಲಿ. ಮಕ್ಕಳ ನಗುವನ್ನು ಕಿತ್ತುಕೊಳ್ಳುವುದು ಧರ್ಮವೂ ಅಲ್ಲ, ಪ್ರಗತಿಪರತೆಯೂ ಅಲ್ಲ. ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದನೆಂದು ಅವನು ಇಳಿಯುವವರೆಗೆ ತಲೆಯೆತ್ತದಿದ್ದ ಪ್ರವಾದಿಯವರ(ಸ) ಅನುಯಾಯಿಗಳು ಮಕ್ಕಳ ಆಟವನ್ನು ದೂರಲಾರರು. ಆದರೆ ನಾಲ್ವರ ಕುಟುಂಬಕ್ಕೆ ಒಂದು ದಿನದ ಟಿಕೆಟಿಗೇ 400 ಡಾಲರ್ ದಾಟುವ ಆ ನಗುವೊಂದೇ ನಗುವೇ? ಒರ್ಲಾಂಡೊ ಪಕ್ಕದ ವೆಕೈವಾದಲ್ಲಿ ನೆಲದಡಿಯಿಂದ ಉಕ್ಕುವ ನೀರು ವರ್ಷವಿಡೀ ಸುಮಾರು 22 ಡಿಗ್ರಿಯಲ್ಲೇ ಇರುತ್ತದೆ. ಮಕ್ಕಳು ದಿನವಿಡೀ ಈಜಬಹುದು. ಉತ್ತರದ ಬ್ಲೂ ಸ್ಪ್ರಿಂಗ್‌ಗೆ ಚಳಿಗಾಲದಲ್ಲಿ ಬೆಚ್ಚನೆಯ ನೀರು ಹುಡುಕಿ ಕಡಲಹಸುಗಳು ಗುಂಪು ಗುಂಪಾಗಿ ಬರುತ್ತವೆ. ಅಲ್ಲೆಲ್ಲ ಒಂದು ಕಾರಿಗೆ ಕೆಲವೇ ಡಾಲರ್ ಪ್ರವೇಶ ಶುಲ್ಕ. ಕೊಳವೆಬಾವಿಗಳು ಅಂತರ್ಜಲ ಹೀರುತ್ತಿರುವುದರಿಂದ, ಗೊಬ್ಬರ ಮತ್ತು ಶೌಚಗುಂಡಿಗಳ ನೈಟ್ರೇಟ್ ಇಳಿಯುತ್ತಿರುವುದರಿಂದ ಈ ಬುಗ್ಗೆಗಳೂ ಸೊರಗುತ್ತಿವೆ. ಇದನ್ನೂ ಮಕ್ಕಳಿಗೆ ಹೇಳಬಹುದು. ಮಕ್ಕಳು ನಾವು ತಿಳಿದಷ್ಟು ದಡ್ಡರಲ್ಲ.

"ಕರಿಯರ ಚರಿತ್ರೆಗೂ ನಮಗೂ ಏನು ಸಂಬಂಧ?" ಇದು ಎರಡನೆಯ ಪ್ರಶ್ನೆ. ಬಾಯಿಬಿಟ್ಟು ಕೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಸಂಬಂಧ ಇದೆ, ಅದು ಸಾಲದ ಸಂಬಂಧ. 1965ರವರೆಗೆ ಅಮೆರಿಕದ ವಲಸೆ ಕಾನೂನು ಭಾರತೀಯರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟಿತ್ತು. ವರ್ಷಕ್ಕೆ ನೂರು ಮಂದಿಯ ಲೆಕ್ಕದ ಕೋಟಾ. ಆ ಬಾಗಿಲು ತೆರೆದದ್ದು ಕಪ್ಪು ಜನರ ನಾಗರಿಕ ಹಕ್ಕು ಹೋರಾಟದ ಬಿರುಗಾಳಿಗೆ. ಮತದಾನ ಹಕ್ಕಿನ ಕಾನೂನೂ ಹೊಸ ವಲಸೆ ಕಾನೂನೂ ಬಂದದ್ದು ಅದೇ 1965ರಲ್ಲಿ. ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಆ ಬಾಗಿಲಿನಿಂದಲೇ ಒಳಗೆ ಹೋದರು. 2004ರಲ್ಲಿ ಅಕ್ಕ ಸಮ್ಮೇಳನ ಇದೇ ಒರ್ಲಾಂಡೊದಲ್ಲಿ ನಡೆಯುವಷ್ಟು ಕನ್ನಡಿಗರು ಆ ನೆಲದಲ್ಲಿ ಬೇರೂರಿದರು. ಜುಲೈ ಪೆರಿ, ಮೂರ್ ದಂಪತಿ ತೆತ್ತ ಬೆಲೆಯಲ್ಲಿ ನಮ್ಮ ವೀಸಾದ ಪಾಲೂ ಇದೆ. ಸಾಲ ಕೊಟ್ಟವನ ಮನೆಯ ಮುಂದಿನಿಂದಲೇ ಹಾದುಹೋಗಿ, ಅವನ ಹೆಸರನ್ನೂ ಕೇಳದೆ ಬರುವುದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ?

ಡಿಸ್ನಿಯಲ್ಲಿ ಗ್ರಾಹಕನನ್ನು ಗ್ರಾಹಕ ಎನ್ನುವುದಿಲ್ಲ, ಅತಿಥಿ ಎನ್ನುತ್ತಾರೆ. ನೌಕರರನ್ನು ನಾಟಕ ತಂಡದ ಪಾತ್ರಧಾರಿ ಎನ್ನುತ್ತಾರೆ. ಗಂಟೆಗೆ 15 ಡಾಲರ್ ಕೂಲಿಯ ಒಪ್ಪಂದಕ್ಕಾಗಿ ಆ ಪಾತ್ರಧಾರಿಗಳ ಯೂನಿಯನ್‌ಗಳು 2018ರವರೆಗೆ ಬಡಿದಾಡಬೇಕಾಯಿತು. ಪಾರ್ಕಿನ ಪಕ್ಕದ ಕಿಸ್ಸಿಮ್ಮಿಯಲ್ಲಿ ಬಾಡಿಗೆ ಮನೆಯ ಮುಂಗಡ ಹೊಂದಿಸಲಾಗದ ಕುಟುಂಬಗಳು ಮೋಟೆಲ್ ಕೋಣೆಯಲ್ಲಿ ವಾರದ ಲೆಕ್ಕದಲ್ಲಿ ಬದುಕುವ ಕಥೆಯನ್ನು 2017ರ 'ದಿ ಫ್ಲಾರಿಡಾ ಪ್ರಾಜೆಕ್ಟ್' ಸಿನಿಮಾ ತೋರಿಸಿತು. ಇಂತಹ ಮನೆಗೆ ನಾವು ಯಾವ ಬಗೆಯ ಅತಿಥಿಗಳು? ನಮ್ಮ ಅಜ್ಜಿಯಂದಿರಿಗೆ ತಿಳಿದಿದ್ದ ಅತಿಥಿ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ. ಉಂಡು, ಫೋಟೋ ತೆಗೆಸಿ, ಹೆಸರು ಕೇಳದೆ ಎದ್ದು ಹೋಗುತ್ತಿರಲಿಲ್ಲ. ಕುರ್‌ಆನ್ ಕೂಡ ಭೂಮಿಯ ಮೇಲಿನ ಸಂಚಾರವನ್ನು ಪದೇ ಪದೇ ಹಿಂದಿನವರ ಗತಿಯಿಂದ ಪಾಠ ಕಲಿಯುವುದರೊಂದಿಗೆ ಜೋಡಿಸುತ್ತದೆ.

ಆದ್ದರಿಂದ ಒಂದು ಬೇಡಿಕೆ. ಐದು ದಿನದ ರಜೆಯಲ್ಲಿ ನಾಲ್ಕನ್ನು ಮಿಕ್ಕಿಗೇ ಕೊಡಿ. ಐದನೆಯ ದಿನ ಬೆಳಿಗ್ಗೆ ಈಟನ್‌ವಿಲ್‌ಗೆ ಹೋಗಿ, ಮಧ್ಯಾಹ್ನ ಜುಲೈ ಪೆರಿಯ ಫಲಕದ ಮುಂದೆ ಎರಡು ನಿಮಿಷ ನಿಲ್ಲಿ, ಸಂಜೆ ಮಕ್ಕಳನ್ನು ವೆಕೈವಾದ ನೀರಿಗೆ ಬಿಡಿ. ಊರಿಗೆ ಮರಳಿದ ಮೇಲೆ ಯಾರಾದರೂ ಅಲ್ಲಿನ ಜನ ಹೇಗೆ ಎಂದು ಕೇಳಿದರೆ, ಹೇಳಲು ಕೆಲವು ಹೆಸರುಗಳಾದರೂ ಇರಲಿ.