ಪರದೇಶದಲ್ಲಿ ಮೊದಲ ಖರೀದಿ

ವಿದೇಶಪ್ರಯಾಣವೆಂದರೆ ಸಿರಿವಂತರ ಮಾತು ಎಂಬ ಕಾಲ ಕಳೆದುಹೋಯಿತು. ನಮ್ಮಂಥ ಸರಕಾರಿ ಕಾಲೇಜಿನಲ್ಲಿ ಓದಿದವರೂ ಇಂದು ಉದ್ಯೋಗಕ್ಕಾಗಿ, ವ್ಯಾಸಂಗಕ್ಕಾಗಿ ಸಿಂಗಪುರದವರೆಗೆ ಹೋಗಿಬರುತ್ತಾರೆ. ಹೊರಟವನಿಗೆ ಬುದ್ಧಿ ಹೇಳುವ ಹಿತೈಷಿಗಳಿಗೂ ಕೊರತೆಯಿಲ್ಲ. ಅವರಲ್ಲಿ ಹಲವರ ಉಪದೇಶ ಹೀಗೆ: “ವಿಮಾನನಿಲ್ದಾಣದಲ್ಲಿ ಸಿಮ್ ಕೊಳ್ಳಬೇಡ, ಅಲ್ಲಿ ದುಬಾರಿ. ಊರೊಳಗೆ ಹೋಗಿ ಕೊಂಡುಕೋ.” ಈ ಮಾತನ್ನು ನಾನು ಒಪ್ಪಲಾರೆ.

ಸಿಂಗಪುರದ ಚಾಂಗಿ ವಿಮಾನನಿಲ್ದಾಣದಲ್ಲಿ ಉಚಿತ ವೈ-ಫೈ ಉಂಟು, ನಿಜ. ಆದರೆ ಅದರ ಉಪಕಾರ ನಿಲ್ದಾಣದ ಬಾಗಿಲಿನವರೆಗೆ ಮಾತ್ರ. ಬಾಗಿಲು ದಾಟಿದ ಮೇಲೆ ತಂಗುವ ಮನೆಯ ವಿಳಾಸ, ದಾರಿಯ ನಕ್ಷೆ, ಬಾಡಿಗೆ ಕಾರು, ಕರೆದೊಯ್ಯಲು ಬಂದವರ ಕರೆ ಎಲ್ಲವೂ ಫೋನನ್ನೇ ನೆಚ್ಚಿವೆ. ಇತ್ತ ಊರಿನಲ್ಲಿ ಹೆತ್ತವಳು ಮಗನೋ ಮಗಳೋ ತಲುಪಿದ ಸುದ್ದಿಗಾಗಿ ನಿದ್ದೆಗೆಟ್ಟು ಕುಳಿತಿರುತ್ತಾಳೆ. ಮೊದಲ ಸಲ ಗಡಿ ದಾಟಿದವರು, ಅದರಲ್ಲೂ ಒಂಟಿಯಾಗಿ ರಾತ್ರಿ ಬಂದಿಳಿದ ವಿದ್ಯಾರ್ಥಿನಿ, ಕೆಲವು ಡಾಲರುಗಳ ಉಳಿತಾಯಕ್ಕಾಗಿ ಈ ಆಸರೆಯನ್ನು ಬಿಡುವುದು ಜಾಣತನವಲ್ಲ.

ಹಾಗೆಂದು ಅಂಗಡಿಯವನು ತೋರಿಸಿದ ದೊಡ್ಡ ಪ್ಯಾಕನ್ನೇ ಕೊಳ್ಳಬೇಕೆಂದು ನನ್ನ ವಾದವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೊದಲ ಕೆಲವು ದಿನಗಳಿಗೆ ಸಾಕಾಗುವ ಚಿಕ್ಕ ಪ್ಯಾಕ್ ಕೊಂಡರಾಯಿತು. ತಿಂಗಳುಗಟ್ಟಲೆ ನಿಲ್ಲುವವರು ಆಮೇಲೆ ಪೇಟೆಯಲ್ಲಿ ನಾಲ್ಕು ಕಡೆ ದರ ವಿಚಾರಿಸಿ ಬದಲಾಯಿಸಿಕೊಳ್ಳಲಿ. ಹಿತೈಷಿಗಳ ಮಾತಿಗೆ ಅಲ್ಲಿ ಬೆಲೆಯುಂಟು.

ಇನ್ನು ಕೆಲವು ಸಂಗತಿಗಳನ್ನು ಹೊರಡುವ ಮೊದಲೇ ತಿಳಿದಿರಬೇಕು. ಸಿಂಗಪುರದಲ್ಲಿ ಪಾಸ್‌ಪೋರ್ಟ್ ತೋರಿಸದೆ ಸಿಮ್ ದೊರೆಯದು. 2014ರಿಂದ ಒಬ್ಬರ ಹೆಸರಿಗೆ ಮೂರಕ್ಕಿಂತ ಹೆಚ್ಚು ಪ್ರೀಪೇಯ್ಡ್ ಸಿಮ್ ಕೊಡುವುದಿಲ್ಲ. ಅಲ್ಲಿ 2ಜಿ ಸೇವೆ 2017ರಲ್ಲಿಯೇ ನಿಂತಿತು; 2024ರಲ್ಲಿ 3ಜಿಯನ್ನೂ ಮುಚ್ಚತೊಡಗಿದರು. ಆದ್ದರಿಂದ ಅಜ್ಜಿಯ ಬಟನ್ ಫೋನನ್ನು ಒಯ್ದು ಹಳೆಯದೇ ಸಾಕೆನ್ನುವಂತಿಲ್ಲ. ಇ-ಸಿಮ್ ಒಪ್ಪುವ ಫೋನಿದ್ದವರು ಮನೆಯಲ್ಲಿಯೇ ಅದನ್ನು ಕೊಂಡು ಹೊರಡಬಹುದು. ಅಂಥವರಿಗೆ ಅಂಗಡಿಯ ಗೊಡವೆಯೇ ಇಲ್ಲ. ಆದರೆ ಆ ಬಗೆಯ ಫೋನು ನಮ್ಮ ಎಲ್ಲ ವಿದ್ಯಾರ್ಥಿಗಳ ಕೈಯಲ್ಲಿ ಇಲ್ಲವಲ್ಲ!

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಹೊಸ ಸಿಮ್ ಬಂದಿತೆಂದು ಊರಿನ ಸಿಮ್ಮನ್ನು ತೆಗೆದೆಸೆಯಬಾರದು. ಬ್ಯಾಂಕಿನ ಓಟಿಪಿ ಬರುವುದು ಆ ಹಳೆಯ ನಂಬರಿಗೇ. ಕಂಪನಿಗೆ ಹೇಳಿ ಅದರ ಅಂತರರಾಷ್ಟ್ರೀಯ ರೋಮಿಂಗನ್ನು ಇಲ್ಲಿಯೇ ತೆರೆಸಿಕೊಂಡು, ಡೇಟಾ ರೋಮಿಂಗನ್ನು ಮಾತ್ರ ಮುಚ್ಚಿಟ್ಟು, ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಎರಡನ್ನೂ ಇಟ್ಟುಕೊಳ್ಳುವುದು ಲೇಸು.

ಮಿತವ್ಯಯ ಒಳ್ಳೆಯ ಗುಣ. ಆದರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ವಿವೇಕವೇ ಮಿತವ್ಯಯದ ಜೀವಾಳ. ಪರದೇಶಕ್ಕೆ ಹೊರಡುವ ಸೋದರ ಸೋದರಿಯರು ಇದನ್ನು ಮನಗಾಣಲಿ.